ಅಂಗಡಿ ಮುಚ್ಚಿದ್ದ ತಿಂಗಳು

ಮೊನ್ನೆ ನಮ್ಮ ಗೋದಾಮಿನ ಮೂಲೆಯಲ್ಲಿ ಪೈಪು ಒಡೆದು ರಟ್ಟಿನ ಪೆಟ್ಟಿಗೆಗಳ ಒಂದು ರಾಶಿ ಪೂರ್ತಿ ನೆನೆದುಹೋಯಿತು. ಹೊಸ ಏಸಿಗಳು ಬರುತ್ತವಲ್ಲ, ಆ ದಪ್ಪ ರಟ್ಟು. ಕೆಲಸದವರು ಅದನ್ನು ಎಳೆದೆಳೆದು ಅಂಗಳಕ್ಕೆ ಹಾಕುವಾಗ ಒದ್ದೆ ವಾಸನೆ ಮೂಗಿಗೆ ಬಡಿಯಿತು. ಕುಡಿಯುತ್ತಿದ್ದ ಚಾ ಅಲ್ಲೇ ಇಟ್ಟು ಹೊರಗೆ ಹೋಗಿ ನಿಂತೆ. ಒದ್ದೆ ರಟ್ಟಿನ ವಾಸನೆಗೆ ಚಾ ಬಿಟ್ಟು ಏಳುವ ಮನುಷ್ಯ ಇಡೀ ಬಹ್ರೈನಿನಲ್ಲಿ ನಾನೊಬ್ಬನೇ ಇರಬೇಕು.

ಅದು ಎರಡು ಸಾವಿರದ ಒಂಬತ್ತರ ವಾಸನೆ. ಆ ವರ್ಷ ರಂಜಾನ್ ಆಗಸ್ಟ್ ಕೊನೆಗೆ ಶುರುವಾಗಿತ್ತು. ಆ ಒಂದು ತಿಂಗಳು ಇಲ್ಲಿ ಬಾರುಗಳಿಗೂ ಮದ್ಯದಂಗಡಿಗಳಿಗೂ ಬೀಗ ಬೀಳುತ್ತದೆ. ಬಾರುಗಳೇ ತುಂಬಿದ ಹೂರಾ ಬಡಾವಣೆಯ ಯಾವ ಗಲ್ಲಿಯ ಯಾವ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆಂದು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದ ನಾನು, ಆ ಬೀಗವನ್ನು ನಂಬಿಕೊಂಡು ನನ್ನ ಮಗಳನ್ನು ವಾಪಸು ಪಡೆಯಲು ಹೊರಟಿದ್ದೆ.

ಮಗಳ ಹೆಸರು ಶ್ರಾವ್ಯ. ಆಗ ಅವಳಿಗೆ ಹತ್ತು ವರ್ಷ. ಅವಳ ಅಮ್ಮ ವಾಣಿ ಕಾಯಿಲೆಯಿಂದ ತೀರಿಕೊಂಡು ಎರಡು ವರ್ಷವಾಗಿತ್ತು. ಹೆಂಡತಿ ಹೋದ ದುಃಖಕ್ಕೆ ರಮಾನಂದ ಕುಡಿತಕ್ಕೆ ಬಿದ್ದ ಎಂದು ಇಲ್ಲಿನ ನಮ್ಮವರು ಮಾತಾಡಿಕೊಳ್ಳುತ್ತಿದ್ದರು. ನಾನು ತಿದ್ದಲಿಲ್ಲ. ಅವಳಿದ್ದಾಗಲೂ ಕುಡಿಯುತ್ತಿದ್ದೆ, ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಕುಡಿಯುತ್ತಿದ್ದೆ. ಸತ್ತವಳ ಹೆಸರಿನಲ್ಲಿ ಪುಕ್ಕಟೆ ಸಿಕ್ಕಿದ ಕನಿಕರವನ್ನು ಬೇಡ ಎನ್ನುವಷ್ಟು ಮಾನ ನನಗಿರಲಿಲ್ಲ.

ಆ ಜೂನಿನಲ್ಲಿ ಒಂದು ದಿನ ಈಸಾ ಟೌನಿನ ಅವಳ ಶಾಲೆಯಲ್ಲಿ ಡ್ಯಾನ್ಸ್ ಪ್ರಾಕ್ಟೀಸ್ ಇತ್ತು. ಬಸ್ಸು ಸಿಗುವುದಿಲ್ಲ, ನೀವೇ ಬರಬೇಕು ಪಪ್ಪಾ ಎಂದು ಬೆಳಿಗ್ಗೆ ಮೂರು ಸಲ ಹೇಳಿದ್ದಳು. ನಾನು ಮಧ್ಯಾಹ್ನವೇ ಕುಡಿಯಲು ಕೂತವನು ಮರೆತೆ. ಆ ಸುಡುಬಿಸಿಲಿನಲ್ಲಿ ಗೇಟಿನ ವಾಚ್‌ಮನ್ ಕೋಣೆಯೊಳಗೆ ಅವಳು ನಾಲ್ಕು ಗಂಟೆ ಕೂತಿದ್ದಳು. ಸುದ್ದಿ ಸಮುದ್ರ ದಾಟಿ ಮಂಗಳೂರಿಗೆ ತಲುಪಲು ಎರಡು ದಿನವೂ ಹಿಡಿಯಲಿಲ್ಲ. ವಾಣಿಯ ಅಕ್ಕ ಸುಮತಿ ಅಲ್ಲಿ ಒಂದು ಶಾಲೆಯಲ್ಲಿ ಟೀಚರ್, ಮದುವೆಯಾಗದೆ ಒಬ್ಬರೇ ಇರುವವರು. ಫೋನ್ ಮಾಡಿದರು.

"ರಜೆಗೆ ಮಗುವನ್ನು ಇಲ್ಲಿಗೆ ಕಳಿಸಿ ರಮಾನಂದ. ಈದ್ ಆದ ಮೇಲೆ ಅಲ್ವಾ ಅಲ್ಲಿ ಶಾಲೆ? ಅಷ್ಟರೊಳಗೆ ನೀವು ಬಿಟ್ರಿ ಅಂತಾದ್ರೆ ವಾಪಸು ಕಳಿಸ್ತೇನೆ. ಇಲ್ಲದಿದ್ರೆ ಇಲ್ಲಿಯೇ ಸೇರಿಸ್ತೇನೆ. ನಂಗೆ ನಿಮ್ಮೊಟ್ಟಿಗೆ ಜಗಳ ಮಾಡ್ಲಿಕ್ಕಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಫೋನ್ ಇಟ್ಟು, ಅದೇ ನೆಪದಲ್ಲಿ ಇನ್ನೆರಡು ಪೆಗ್ ಹಾಕಬಹುದಿತ್ತು.

ಮಗಳನ್ನು ಕಳಿಸಿದೆ. ಇಡೀ ಜುಲೈ ಕುಡಿದೆ. ಆಗಸ್ಟಿನಲ್ಲಿ ರಂಜಾನ್ ಹತ್ತಿರ ಬಂದಾಗ, ಬುದ್ಧಿವಂತರು ಮಾಡುವ ಹಾಗೆ ತಿಂಗಳಿಗಾಗುವಷ್ಟನ್ನು ಮೊದಲೇ ತಂದಿಟ್ಟುಕೊಳ್ಳಬೇಕಿತ್ತು. ಪ್ರತಿ ವರ್ಷ ನಾನೂ ಬುದ್ಧಿವಂತನೇ. ಆ ವರ್ಷ ತರಲಿಲ್ಲ. ಮನೆಯಲ್ಲಿದ್ದ ಕೊನೆಯ ಬಾಟಲಿಯನ್ನು ಮುಗಿಸಿದ ಮೇಲೆ ಸೆಗಯಾದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾನೂ ಗುಡುಗುವ ಹಳೆಯ ಏಸಿಯೂ ಮಾತ್ರ ಉಳಿದೆವು.

ಮೊದಲ ಮೂರು ದಿನ ಏನಾಯಿತೆಂದು ಬರೆಯಲು ನನಗೆ ನಾಚಿಕೆಯಿಲ್ಲ, ಆದರೆ ನೆನಪಿಲ್ಲ. ಬೆವರು, ನಡುಕ, ಗೋಡೆಯ ಮೇಲೆ ಏನೋ ಹರಿದಾಡಿದ ಹಾಗೆ. ಕೆಲಸಕ್ಕೆ ಬಾರದವನನ್ನು ಹುಡುಕಿಕೊಂಡು ಬಂದವನು ಹಮೀದ್. ನಮ್ಮ ಏಸಿ ರಿಪೇರಿ ಕಂಪನಿಯಲ್ಲಿ ನನ್ನ ಕೈಕೆಳಗಿನ ಟೆಕ್ನಿಷಿಯನ್, ಉಳ್ಳಾಲದ ಬ್ಯಾರಿ. ಬಾಗಿಲು ತಟ್ಟಿ, ನನ್ನ ಮುಖ ನೋಡಿ, ಒಂದು ಮಾತೂ ಕೇಳದೆ ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದ. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಮಾತ್ರೆ ಕೊಟ್ಟರು, ಹೀಗೆ ಒಬ್ಬನೇ ಕೂತು ಬಿಟ್ಟರೆ ಜೀವ ಹೋಗುತ್ತದೆ ಎಂದು ಉಗಿದರು. ಹಮೀದ್ ಉಪವಾಸದ ಬಾಯಲ್ಲಿ ನನಗೆ ಗಂಜಿ ಬೇಯಿಸಿ ಕುಡಿಸಿದ.

ಕೆಲಸಕ್ಕೆ ಮರಳಿದ ದಿನ ಸಂಜೆ ಅವನೇ ಕರೆದ. "ಮನೆಗೆ ಹೋಗಿ ಎಂತ ಮಾಡ್ತೀರಿ ರಮಾನಂದಣ್ಣ? ನಮ್ಮೊಟ್ಟಿಗೆ ಕೂತ್ಕೊಳ್ಳಿ."

"ನಾನು ಉಪವಾಸ ಇಲ್ಲವಲ್ಲ ಮಾರಾಯ."

"ಇಲ್ಲದವರಿಗೆ ಕೂತ್ಕೊಳ್ಳಿಕ್ಕಿಲ್ಲ ಅಂತ ಯಾರು ಹೇಳಿದ್ದು? ಕೂತ್ಕೊಳ್ಳಿ."

ಗೋದಾಮಿನ ಅಂಗಳದಲ್ಲಿ ಏಸಿ ಬಂದ ರಟ್ಟುಗಳನ್ನು ಬಿಡಿಸಿ ನೆಲಕ್ಕೆ ಹಾಸುತ್ತಿದ್ದರು. ಅದೇ ಚಾಪೆ, ಅದೇ ಮೇಜು. ಸುತ್ತಲೂ ಏಳೆಂಟು ಜನ: ಹಮೀದ್, ಇಬ್ಬರು ಪಾಕಿಸ್ತಾನದವರು, ಉಳಿದವರು ಬಾಂಗ್ಲಾದವರು. ನಡುವೆ ಖರ್ಜೂರ, ನೀರು, ಕಡಲೆ, ಸಮೋಸ, ಹತ್ತಿರದ ಮಸೀದಿಯಿಂದ ಬಂದ ಗೋಧಿ ಮತ್ತು ಮಾಂಸದ ಗಂಜಿ. ಆಗಸ್ಟ್ ತಿಂಗಳ ಬಹ್ರೈನ್ ಎಂದರೆ ಗಾಳಿಯನ್ನು ಹಿಂಡಿದರೆ ನೀರು ಬರಬೇಕು. ಆ ತೇವಕ್ಕೆ ರಟ್ಟು ಮೆತ್ತಗಾಗಿ ವಾಸನೆ ಹೊಡೆಯುತ್ತಿತ್ತು. ಎಲ್ಲರೂ ಖರ್ಜೂರ ಕೈಯಲ್ಲಿ ಹಿಡಿದು ಮಸೀದಿಯ ಬಾಂಗಿಗೆ ಕಾಯುತ್ತಿದ್ದರು. ನಾನೂ ಹಿಡಿದೆ.

ಕುಡಿಯುವವನ ಕೈ ಲೋಟ ಹುಡುಕುವ ಹೊತ್ತು ಯಾವುದು ಎಂದು ಕುಡಿಯುವವನಿಗೆ ಮಾತ್ರ ಗೊತ್ತು. ನನ್ನದು ಸೂರ್ಯ ಮುಳುಗುವ ಹೊತ್ತು. ಸರಿಯಾಗಿ ಆ ಹೊತ್ತಿಗೆ ನನ್ನ ಕೈಗೆ ಒಂದು ಖರ್ಜೂರ, ಅಕ್ಕಪಕ್ಕಕ್ಕೆ ನನ್ನಂತೆಯೇ ಬಾಯಾರಿದ ಎಂಟು ಜನ ಸಿಕ್ಕಿದರು. ಬಾಂಗ್ ಆದ ಕೂಡಲೇ ಅವರು ನೀರು ಕುಡಿಯುವ ಚಂದ ನೋಡಬೇಕು. ನೀರನ್ನು ಹಾಗೆ ಕುಡಿಯಬಹುದು ಎಂದು ನನಗೆ ಮರೆತೇ ಹೋಗಿತ್ತು. ಮಾರನೆಯ ದಿನದಿಂದ ನಾನೂ ಬೆಳಗಿನಿಂದ ನೀರು ಬಿಟ್ಟು ಕೂರುತ್ತೇನೆ ಎಂದೆ. ಹಮೀದ್ ಬೈದ: "ಮಾತ್ರೆ ತಿನ್ನುವವರು ನೀವು. ದೊಡ್ಡ ಜನ ಆಗ್ಬೇಡಿ."

ದಿನವೂ ಸುಮತಿ ಅಕ್ಕನಿಗೆ ಫೋನ್ ಮಾಡಿ ದಿನ ಎಣಿಸಿ ಹೇಳುತ್ತಿದ್ದೆ. ಇಪ್ಪತ್ತನೆಯ ದಿನಕ್ಕೆ ನನ್ನ ದನಿಯಲ್ಲಿ ಪದಕ ಗೆದ್ದವನ ಗತ್ತು ಬಂದಿತ್ತು. ಮಗಳ ಕೋಣೆಗೆ ನಾನೇ ತಿಳಿ ಹಳದಿ ಬಣ್ಣ ಹೊಡೆದೆ, ಏಸಿ ಬದಲಿಸಿದೆ. ಈದಿಗೆ ಎರಡು ದಿನ ಮೊದಲು, ಊರಿನಿಂದ ಮರಳುತ್ತಿದ್ದ ಒಂದು ಕುಟುಂಬದ ಜೊತೆ ಅಕ್ಕ ಅವಳನ್ನು ಕಳಿಸಿದರು. ವಿಮಾನ ನಿಲ್ದಾಣದಲ್ಲಿ ಅವಳು ಓಡಿ ಬಂದು ತಬ್ಬಿಕೊಂಡಳು. ಮುಖವನ್ನು ನನ್ನ ಅಂಗಿಗೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ಪ್ರೀತಿ ಎಂದುಕೊಂಡೆ. ಮೂಸಿ ನೋಡುತ್ತಿದ್ದಾಳೆ ಎಂದು ತಿಳಿಯುವಷ್ಟು ಬುದ್ಧಿ ಆಗ ಇರಲಿಲ್ಲ.

ನನ್ನ ತಪ್ಪು ಎಲ್ಲಿತ್ತು ಎಂದು ಈಗ ಹೇಳುವುದು ಸುಲಭ. ಬೀಗ ಹಾಕಿದ್ದು ಅಂಗಡಿಗೆ, ನನಗಲ್ಲ. ಅಂಗಡಿ ತೆರೆಯುವ ವಾರವನ್ನೇ ಆರಿಸಿ ಮಗಳನ್ನು ಕರೆಸಿಕೊಂಡಿದ್ದೆ. ಈದಿನ ರಜೆಗೆ ಗೋದಾಮು ಬಂದ್. ಹಮೀದ್ ಹೆಂಡತಿ ಮಕ್ಕಳನ್ನು ನೋಡಲು ಉಳ್ಳಾಲಕ್ಕೆ ಹೋಗಿದ್ದ. ಹಬ್ಬದ ದಿನ ಸಂಜೆ ಮಗಳನ್ನು ಸಮುದ್ರ ದಂಡೆಗೆ ಕರೆದೊಯ್ದು, ಐಸ್‌ಕ್ರೀಂ ಕೊಡಿಸಿ ಹೇಗೋ ಆ ಹೊತ್ತನ್ನು ದಾಟಿದೆ. ಮರುದಿನ ಸಂಜೆ ಮನೆಯಲ್ಲಿದ್ದಾಗ ಬಾಂಗ್ ಕೇಳಿಸಿತು. ಕೈ ತಾನಾಗಿ ಮುಂದೆ ಬಂತು. ಹಾಸಿದ ರಟ್ಟಿಲ್ಲ, ಖರ್ಜೂರವಿಲ್ಲ, ಎಂಟು ಜನರಿಲ್ಲ. ಮಗಳು ಕಾರ್ಟೂನ್ ನೋಡುತ್ತಿದ್ದಳು.

"ಊಟಕ್ಕೆ ಖುಬೂಸ್ ರೊಟ್ಟಿ ತಕ್ಕೊಂಡು ಬರ್ತೇನೆ ಪುಟ್ಟ. ಐದು ನಿಮಿಷ."

"ಬೇಗ ಬನ್ನಿ ಪಪ್ಪಾ," ಎಂದಳು. ಟೀವಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿ ಹೇಳಿದಳು.

ಮರಳಿದ್ದು ಬೆಳಿಗ್ಗೆ ಏಳು ಗಂಟೆಗೆ. ಕೈಯಲ್ಲಿ ಖುಬೂಸ್ ಇತ್ತು ಎಂಬುದೇ ತಮಾಷೆ. ಬೆಳಿಗ್ಗೆ ಇಲ್ಲಿ ಕೋಲ್ಡ್ ಸ್ಟೋರ್ ಎನ್ನುವ ಕಿರಾಣಿ ಅಂಗಡಿಯ ಮಲಯಾಳಿ ಬಾಗಿಲು ತೆಗೆಯುವವರೆಗೆ ಕಾದು, ಕೊಂಡು ಬಂದಿದ್ದೆ. ಬಾಗಿಲು ತಟ್ಟಿದಾಗ ಒಳಗಿನಿಂದ ಅವಳು ಎರಡು ಸಲ "ಹೂ ಈಸ್ ಇಟ್?" ಎಂದು ಕೇಳಿದಳು. ಕುರ್ಚಿ ಸರಿಸುವ ಸದ್ದಾಯಿತು. ಬಾಗಿಲು ತೆಗೆದವಳು ಹಿಂದಿನ ದಿನದ ಬಟ್ಟೆಯಲ್ಲೇ ಇದ್ದಳು. ಅಳಲಿಲ್ಲ. ನನ್ನ ಕೈಯಿಂದ ಖುಬೂಸಿನ ಕಟ್ಟು ತೆಗೆದುಕೊಂಡು ಅಡಿಗೆಮನೆಯಲ್ಲಿಟ್ಟು ಬಂದಳು.

"ದೊಡ್ಡಮ್ಮನ ಫೋನ್ ಬಂದಿತ್ತು. ಪಪ್ಪನಿಗೆ ಜ್ವರ, ಮಲಗಿದ್ದಾರೆ ಅಂತ ಹೇಳಿದೆ. ಡೋಂಟ್ ವರಿ ಪಪ್ಪಾ, ಐ ವೋಂಟ್ ಟೆಲ್."

ಆ ಮಾತು ಅವಳದಲ್ಲ. ನನ್ನ ಆಫೀಸಿಗೆ, ನೆಂಟರಿಗೆ, ಅಕ್ಕನಿಗೆ, ಎಂಟು ವರ್ಷ ಎಲ್ಲರಿಗೂ ವಾಣಿ ಹೇಳುತ್ತಿದ್ದ ಮಾತು ಅದು: ಅವರಿಗೆ ಜ್ವರ, ಮಲಗಿದ್ದಾರೆ. ಅದೇ ರಾಗ, ಅದೇ ಸಮಾಧಾನ. ತಾಯಿಯಿಂದ ಮಗಳಿಗೆ ಬಳೆ ಬರುತ್ತದೆ, ಓಲೆ ಬರುತ್ತದೆ. ನನ್ನ ಮನೆಯಲ್ಲಿ ಇದು ಬಂದಿತ್ತು. ಹತ್ತು ವರ್ಷದ ಮಗು ನನ್ನನ್ನು ಕಾಪಾಡಲು ಮುಖ ಗಟ್ಟಿ ಮಾಡಿಕೊಂಡು ನಿಂತಿತ್ತು.

ಮಧ್ಯಾಹ್ನದವರೆಗೆ ನನ್ನೊಳಗೆ ನಡೆದ ವ್ಯಾಪಾರವನ್ನು ಮುಚ್ಚಿಡುವುದಿಲ್ಲ. ಅವಳೇ ಹೇಳಿದ್ದಾಳೆ, ಹೇಳುವುದಿಲ್ಲವೆಂದು. ನಾಲ್ಕು ದಿನಕ್ಕೆ ಶಾಲೆ ಶುರು. ಒಂದು ಸಲ ಜಾರಿದ್ದು ತಾನೇ? ಸುಮ್ಮನಿದ್ದರೆ ಮಗಳು ಉಳಿಯುತ್ತಾಳೆ. ಬಾಯಿ ಬಿಟ್ಟರೆ ಹೋಗುತ್ತಾಳೆ. ಆದರೆ ಸುಮ್ಮನಿದ್ದರೆ ಅವಳು ಇನ್ನೊಬ್ಬ ವಾಣಿಯಾಗುತ್ತಾಳೆ ಎಂಬುದೂ ನನಗೆ ಗೊತ್ತಿತ್ತು. ಸ್ನಾನ ಮಾಡಿ, ಗಡ್ಡ ಬೋಳಿಸಿ, ಅಕ್ಕನಿಗೆ ಫೋನ್ ಮಾಡಿದೆ. ಮಗಳ ಎದುರಿಗೇ ಮಾಡಿದೆ.

"ಅಕ್ಕ, ನನಗೆ ಜ್ವರ ಇರ್ಲಿಲ್ಲ. ಕುಡಿದಿದ್ದೆ. ರಾತ್ರಿ ಮಗು ಒಬ್ಬಳೇ ಇದ್ದಳು."

"ಅವಳು ಜ್ವರ ಅನ್ನುವಾಗಲೇ ನಂಗೆ ಗೊತ್ತಾಯ್ತು," ಎಂದರು. "ಫೋನಲ್ಲಿ ನನ್ನ ತಂಗಿಯೇ ಮಾತಾಡಿದ ಹಾಗಾಯ್ತು. ನೀವು ಮುಚ್ಚಿಡ್ತೀರಿ ಅಂತ ಮಾಡಿದ್ದೆ ನಾನು. ಹೇಳಿದಿರಲ್ಲ. ಮಗುವನ್ನು ಕರ್ಕೊಂಡು ಬನ್ನಿ."

ಫೋನ್ ಇಟ್ಟ ಮೇಲೆ ಶ್ರಾವ್ಯ ಅತ್ತಳು. ಒಂಟಿಯಾಗಿ ರಾತ್ರಿ ಕಳೆದದ್ದಕ್ಕೆ ಅಳದವಳು, ನಾನು ನಿಜ ಹೇಳಿದ್ದಕ್ಕೆ ಅತ್ತಳು. "ನಾನು ಹೇಳುದಿಲ್ಲ ಅಂತ ಹೇಳಿದ್ದೆ ಅಲ್ವಾ! ನೀವು ಯಾಕೆ ಹೇಳಿದ್ದು? ನೌ ಐ ಹ್ಯಾವ್ ಟು ಗೋ!" ಎಂದು ಎರಡೂ ಮುಷ್ಟಿಯಿಂದ ನನ್ನ ಹೊಟ್ಟೆಗೆ ಗುದ್ದಿದಳು. ಗುದ್ದಿಸಿಕೊಂಡೆ. ನನ್ನ ಬದುಕಿನಲ್ಲಿ ಅದಕ್ಕಿಂತ ಕಷ್ಟದ ದಿನ ಇನ್ನೊಂದಿಲ್ಲ; ವಾಣಿ ಸತ್ತ ದಿನವೂ ಅಲ್ಲ, ಯಾಕೆಂದರೆ ಆ ದಿನ ನನಗೆ ಪ್ರಜ್ಞೆ ನೆಟ್ಟಗಿರಲಿಲ್ಲ.

ಅವಳನ್ನು ಮಂಗಳೂರಿಗೆ ಬಿಟ್ಟು ಬಂದೆ. ನಮ್ಮ ಕಂಪನಿಯ ಕಾಗದಪತ್ರ ನೋಡಿಕೊಳ್ಳುವ ಬಹ್ರೈನಿ ಮುದುಕ, ಮಂದೂಬ್, ನನಗೆ ತಿಳಿಯಲೆಂದು ಬೆರಳು ಮಡಚಿ ಹೇಳಿದ: "ಬೇಬಿ ಬಾಹರ್ ಸಿಕ್ಸ್ ಮಂತ್, ಖಲಾಸ್. ವೀಸಾ ಖಲಾಸ್." ಆರು ತಿಂಗಳು ಹೊರಗಿದ್ದರೆ ವೀಸಾ ಹೋಗುತ್ತದೆ. ಮಾರ್ಚ್ ಕೊನೆಯೊಳಗೆ ಅವಳು ಮರಳಬೇಕು. ಅಲ್ಲಿಯವರೆಗೆ ನಾನು ಕುಡಿಯದಿದ್ದರೆ ಕಳಿಸುತ್ತೇನೆಂದು ಅಕ್ಕನೂ ಆ ಗಡುವಿಗೆ ಒಪ್ಪಿದರು.

ಹಮೀದ್ ಊರಿನಿಂದ ಬಂದು ಎಲ್ಲ ಕೇಳಿದ. ಉಪದೇಶ ಮಾಡಿದ್ದರೆ ಸಿಟ್ಟು ಬರುತ್ತಿತ್ತು. ಸಂಜೆ ಹೋಗಿ ಅಂಗಳದಲ್ಲಿ ರಟ್ಟು ಹಾಸಿದ.

"ಎಂತ ಇದು? ರಂಜಾನ್ ಮುಗೀತಲ್ಲ."

"ರಂಜಾನ್ ಮುಗೀತು. ನಿಮ್ಮ ಆ ಹೊತ್ತು ಮುಗೀಲಿಲ್ಲ ಅಲ್ವಾ?"

ಆ ಚಳಿಗಾಲವಿಡೀ ಗೋದಾಮಿನವರು ದಿನವೂ ಸಂಜೆ ರಟ್ಟು ಹಾಸಿ ಚಾ ಕುಡಿದರು. ಯಾರೂ ನನ್ನ ಹೆಸರು ಹೇಳಲಿಲ್ಲ. ಎಲ್ಲರಿಗೂ ದಿಢೀರನೆ ಚಾದ ಮೇಲೆ ಮೋಹ ಬಂದ ಹಾಗೆ ನಟಿಸಿದರು. ಬಾಂಗ್ ಆದರೆ ಅವರು ನಮಾಜಿಗೆ ಏಳುತ್ತಿದ್ದರು, ಒಬ್ಬ ಮಾತ್ರ ಏನಾದರೂ ನೆಪ ಹೇಳಿ ನನ್ನ ಜೊತೆ ಉಳಿಯುತ್ತಿದ್ದ, ಅವರು ಬಂದ ಮೇಲೆ ಎದ್ದು ಹೋಗುತ್ತಿದ್ದ. ಸರದಿ ಹಾಕಿಕೊಂಡಿದ್ದರು ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಶುಕ್ರವಾರಗಳಲ್ಲಿ ಒಂದು ಚರ್ಚಿನ ಹಿಂಬದಿಯ ಕೋಣೆಯಲ್ಲಿ ಕುಡಿತ ಬಿಟ್ಟವರು ಸೇರುತ್ತಿದ್ದರು. ಅಲ್ಲಿಗೂ ಹೋದೆ. ನನ್ನ ಹರಕು ಇಂಗ್ಲಿಷಿನಲ್ಲಿ, ಹೆಂಡತಿ ಸಾಯುವುದಕ್ಕಿಂತ ಮುಂಚೆಯೂ ನಾನು ಕುಡುಕನೇ ಆಗಿದ್ದೆ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲಿ.

ಮಗಳಿಗೆ ದಿನವೂ ಫೋನ್ ಮಾಡುತ್ತಿದ್ದೆ. ಮೊದಮೊದಲು ಬರೀ "ಹೂಂ", "ಊಟ ಆಯ್ತು". ಡಿಸೆಂಬರಿನ ಒಂದು ದಿನ ಹೇಳಿದೆ, "ಪುಟ್ಟ, ಇವತ್ತು ನಾನು ಆ ಅಂಗಡಿಯ ಬಾಗಿಲವರೆಗೆ ಹೋಗಿದ್ದೆ. ಒಳಗೆ ಹೋಗ್ಲಿಲ್ಲ. ತಿರುಗಿ ಬಂದೆ."

ಅವಳು ಕೇಳಿದಳು: "ಇದನ್ನು ದೊಡ್ಡಮ್ಮನಿಗೆ ಹೇಳ್ಬಹುದಾ?"

"ಹೇಳು. ಎಲ್ಲ ಹೇಳ್ಬಹುದು ಇನ್ನು."

ಫೋನ್ ಕಟ್ ಮಾಡದೆ ಅಲ್ಲೇ ಬಿಟ್ಟು ಓಡಿ ಹೋಗಿ ಹೇಳಿದಳು. ದೂರದಲ್ಲಿ ಅವಳ ದನಿ ಕೇಳಿಸುತ್ತಿತ್ತು, ಏದುಸಿರು ಬಿಡುತ್ತಾ ಹೇಳುತ್ತಿದ್ದಳು. ಅಂದಿನಿಂದ ನನ್ನ ಜೊತೆ ಮಾತಾಡತೊಡಗಿದಳು.

ಮಾರ್ಚ್ ಬಂತು. ಒಂದು ತೊಟ್ಟು ಮುಟ್ಟದೆ ಆರು ತಿಂಗಳು ಕಳೆಯುತ್ತಾ ಬಂದಿತ್ತು. ಮರಳುವುದಕ್ಕೆ ಎರಡು ಟಿಕೆಟ್ ಮಾಡಿಸಿ, ಎದೆ ಉಬ್ಬಿಸಿಕೊಂಡು ಮಂಗಳೂರಿಗೆ ಹೋದೆ. ಬಿಜೈಯಲ್ಲಿ ಅಕ್ಕನ ಮನೆ. ಶ್ರಾವ್ಯ ಎರಡಿಂಚು ಬೆಳೆದಿದ್ದಳು. ಅಕ್ಕ ನನ್ನನ್ನೂ ಅವಳನ್ನೂ ಬಾಲ್ಕನಿಯಲ್ಲಿ ಕೂರಿಸಿ, "ನನ್ನ ಮಾತು ನಾನು ಉಳಿಸಿಕೊಳ್ತೇನೆ. ಆದ್ರೆ ಅವಳ ಮನಸ್ಸು ಅವಳೇ ಹೇಳ್ಲಿ," ಎಂದು ಒಳಗೆ ಹೋದರು.

ಬಟ್ಟೆ ತುಂಬುವ ಬಗ್ಗೆ, ಅವಳ ಹಳದಿ ಕೋಣೆಯ ಬಗ್ಗೆ ನಾನೇ ಏನೇನೋ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಆಮೇಲೆ ಹೇಳಿದಳು: "ನಂಗೆ ಅಲ್ಲಿ ನಿದ್ದೆ ಬರುದಿಲ್ಲ ಪಪ್ಪಾ."

"ಈಗ ನಾನು ಕುಡಿಯುದಿಲ್ಲ ಪುಟ್ಟ."

"ಗೊತ್ತುಂಟು. ಆದ್ರೂ ಬಾಗಿಲಿನ ಸೌಂಡ್ ಕೇಳ್ತಾ ಇರ್ಬೇಕಾಗ್ತದೆ. ಇಲ್ಲಿ ಮಲಗಿದ ಕೂಡ್ಲೇ ಬರ್ತದೆ." ದೂರುವ ದನಿಯೇ ಇರಲಿಲ್ಲ. ಅಲ್ಲಿಯ ನೀರು ಉಪ್ಪು, ಇಲ್ಲಿಯದು ಸಿಹಿ ಎಂದು ಹೇಳಿದ ಹಾಗೆ ಹೇಳಿದಳು. ನನ್ನ ಮುಖ ನೋಡಿ ಗಡಿಬಿಡಿಯಲ್ಲಿ ಸೇರಿಸಿದಳು: "ನಿಮ್ಗೆ ಬೇಜಾರಾಗ್ತದೆ ಅಂತಾದ್ರೆ ಬರ್ತೇನೆ. ಪ್ರಾಮಿಸ್, ಬರ್ತೇನೆ."

ಬೇಜಾರಿಲ್ಲ ಎಂದು ಹೇಳುವುದು ಸುಲಭವಿತ್ತು. ಆದರೆ ಇನ್ನು ಸುಳ್ಳಿಲ್ಲ ಎಂದು ಅವಳಿಗೇ ಹೇಳಿದ್ದೆನಲ್ಲ. "ತುಂಬ ಬೇಜಾರಾಗ್ತದೆ," ಎಂದೆ. "ಆದ್ರೂ ನೀನು ಬರುದು ಬೇಡ."

ಅವಳು ತಲೆಯಾಡಿಸಿದಳು. ಅವಳ ಭುಜಗಳು ಕೆಳಗಿಳಿದದ್ದು ನನಗೆ ಕಂಡಿತು. ಎಷ್ಟು ತಿಂಗಳಿನಿಂದ ಹಾಗೆ ಬಿಗಿಹಿಡಿದಿದ್ದಳೋ.

ಅವಳ ವೀಸಾ ಹೋಯಿತು. ಮತ್ತೆ ಮಾಡಿಸುವ ಸಂದರ್ಭ ಬರಲಿಲ್ಲ. ರಜೆಗೆ ನಾನೇ ಹೋಗುತ್ತಿದ್ದೆ. ನಮ್ಮ ಸಂಸಾರ ನಡೆದದ್ದು ಫೋನಿನಲ್ಲಿ ಮತ್ತು ವರ್ಷಕ್ಕೆ ಮೂವತ್ತು ದಿನ. ಮಗಳಿಗಾಗಿ ಕುಡಿತ ಬಿಟ್ಟ ಅಪ್ಪ ಎಂದು ಯಾರಾದರೂ ನನ್ನನ್ನು ಹೊಗಳಿದರೆ ಈಗಲೂ ಮೈ ಉರಿಯುತ್ತದೆ. ಮಗಳು ಸಿಗುತ್ತಾಳೆಂದು ಬಿಟ್ಟೆ. ಸಿಗಲಿಲ್ಲ. ಆಮೇಲೂ ಕುಡಿಯಲಿಲ್ಲ, ಅಷ್ಟೇ.

ನಾನು ಒಬ್ಬನೇ ಮರಳಿದ ದಿನ ಅವಳೂ ಅಕ್ಕನೂ ಬಜ್ಪೆ ವಿಮಾನ ನಿಲ್ದಾಣದವರೆಗೆ ಬಂದರು. ಮಧ್ಯಾಹ್ನ ಊಟವಾಗಿತ್ತು, ಟ್ಯಾಕ್ಸಿಯೊಳಗೆ ಸೆಕೆ. ಕಾವೂರು ದಾಟುವಾಗ ಅವಳು ಶಾಲೆಯ ಯಾವುದೋ ಜಗಳದ ಕಥೆ ಹೇಳುತ್ತಿದ್ದಳು. ಮರವೂರು ಸೇತುವೆ ಬರುವಷ್ಟರಲ್ಲಿ ಕಥೆ ನಿಂತಿತ್ತು. ನೋಡಿದರೆ ನನ್ನ ತೋಳಿಗೆ ಒರಗಿ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಪೂರ್ತಿ ಭಾರ ನನ್ನ ಮೇಲೆ ಬಿಟ್ಟಿದ್ದಳು. ತಿರುವುಗಳಲ್ಲಿ ಅವಳ ತಲೆ ಅಲುಗದಂತೆ ಇನ್ನೊಂದು ಕೈ ಹಿಡಿದುಕೊಂಡು ಕೂತೆ.

ನಿಲ್ದಾಣ ಬಂತು. ಡ್ರೈವರ್ ಪೆಟ್ಟಿಗೆ ಇಳಿಸಿದ. ಅಕ್ಕ ಮುಂದಿನ ಸೀಟಿನಿಂದ ತಿರುಗಿ ನೋಡಿ, ಕಣ್ಣೊರೆಸಿಕೊಂಡು ಹೇಳಿದರು, "ಎಬ್ಬಿಸಿ ರಮಾನಂದ. ಹೇಳಿ ಹೋಗಿ."

"ಬೇಡ ಅಕ್ಕ," ಎಂದೆ. "ಮಲಗ್ಲಿ."